ಟಾಪ್ ತೆಗೆಯುವ ಕಾರು, ಅದೂ ಆಟೊಮ್ಯಾಟಿಕ್, ಅದೂ ಕಡಿಮೆ ಬಜೆಟ್‌ನಲ್ಲಿ: ಯಾವುದನ್ನು ನೋಡಲಿ?

ತೆರೆದ ಬಾನು

ಎಲ್ಲರಿಗೂ ನಮಸ್ಕಾರ. ತುಂಬಾ ವರ್ಷದಿಂದ ಒಂದು ಆಸೆ ಇದೆ. ಟಾಪ್ ತೆಗೆದು ಓಡಿಸುವ ಕಾರು ಇಟ್ಟುಕೊಳ್ಳಬೇಕು ಅಂತ. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲ, ಸೆಕೆಂಡ್ ಹ್ಯಾಂಡೇ ಆಗಬೇಕು. ಒಂದೇ ಷರತ್ತು, ಆಟೊಮ್ಯಾಟಿಕ್ ಆಗಿರಬೇಕು. ಎರಡು ವರ್ಷದ ಹಿಂದೆ ಎಡ ಮಂಡಿಗೆ ಆಪರೇಷನ್ ಆಗಿದೆ. ನಡೆಯಲು ತೊಂದರೆಯಿಲ್ಲ. ಆದರೆ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಕ್ಲಚ್ ತುಳಿದರೆ ಸಾಕು, ರಾತ್ರಿ ಮಂಡಿ ಊದಿಕೊಳ್ಳುತ್ತದೆ.

ವಾರವೆಲ್ಲ ಆಫೀಸಿಗೆ ಹೋಗಿಬರುವುದು, ರಜೆಯಲ್ಲಿ ಬೆಳಿಗ್ಗೆ ಬೇಗ ಎದ್ದು ಖಾಲಿ ರಸ್ತೆಯಲ್ಲಿ ಒಂದು ಸುತ್ತು. ಇಬ್ಬರಿಗೆ ಜಾಗ ಇದ್ದರೆ ಸಾಕು, ಒಂದು ಬ್ಯಾಗ್ ಹಿಡಿಸಿದರೆ ಸಾಕು. ಜಾಹೀರಾತು ನೋಡಿದರೆ ಗೊಂದಲ. ಒಂದೇ ದುಡ್ಡಿಗೆ ಸ್ವಲ್ಪ ಹೊಸದಾದ ಪುಟ್ಟ ಕಾರೂ ಸಿಗುತ್ತದೆ, ಹಳೇ ಐಷಾರಾಮಿ ಕಾರೂ ಸಿಗುತ್ತದೆ. ಎಲ್ಲದರ ಮೇಲೂ ಆಟೊಮ್ಯಾಟಿಕ್ ಎಂದೇ ಬರೆದಿರುತ್ತಾರೆ. ಎಲ್ಲಾ ಒಂದೇನಾ?

ಎರಡು ಸೀಟು

ಅಕ್ಕ, ಕಣ್ಣು ಮುಚ್ಚಿಕೊಂಡು ಮಜ್ದಾ ಎಂಎಕ್ಸ್-5 ನೋಡಿ. ಕೆಲವು ಕಡೆ ಮಿಯಾಟಾ ಅನ್ನುತ್ತಾರೆ. 1989ರಲ್ಲಿ ಶಿಕಾಗೋ ಆಟೋ ಷೋನಲ್ಲಿ ಮೊದಲು ತೋರಿಸಿದ ಕಾರು, 2016ಕ್ಕೆ ಹತ್ತು ಲಕ್ಷ ತಯಾರಾಗಿತ್ತು. ಅಷ್ಟು ಓಡಾಡುತ್ತಿರುವುದರಿಂದ ಬಿಡಿಭಾಗಕ್ಕೆ ಪರದಾಡುವುದಿಲ್ಲ. ಈ ಕಾರಿನ ವಿಷಯ ಗೊತ್ತಿರುವ ಮೆಕ್ಯಾನಿಕ್ ಕೂಡ ಸುಲಭವಾಗಿ ಸಿಗುತ್ತಾನೆ.

ನನ್ನದು ಮೂರನೇ ಪೀಳಿಗೆಯದು, 2005ರಿಂದ 2015ರವರೆಗೆ ಬಂದದ್ದು. 6 ಸ್ಪೀಡ್ ಆಟೊಮ್ಯಾಟಿಕ್. ಒಂಬತ್ತು ವರ್ಷದಿಂದ ನನ್ನ ಹತ್ತಿರ ಇದೆ. ಗೇರ್‌ಬಾಕ್ಸ್‌ಗೆ ಎಣ್ಣೆ ಬದಲಿಸಿದ್ದು ಬಿಟ್ಟರೆ ಬೇರೇನೂ ಮಾಡಿಸಿಲ್ಲ. ಇದೇ ಪೀಳಿಗೆಯಲ್ಲಿ ಮಡಚುವ ಹಾರ್ಡ್‌ಟಾಪ್, ಅಂದರೆ ಬಟ್ಟೆಯ ಬದಲು ಗಟ್ಟಿ ಟಾಪ್, ಕೂಡ ಇದೆ. ಸುಮಾರು 12 ಸೆಕೆಂಡಿನಲ್ಲಿ ಸೀಟಿನ ಹಿಂದೆ ಹೋಗಿ ಕೂರುತ್ತದೆ, ಡಿಕ್ಕಿಯ ಜಾಗವನ್ನು ಮುಟ್ಟುವುದೇ ಇಲ್ಲ. ಮಿಕ್ಕ ಬಹಳಷ್ಟು ಹಾರ್ಡ್‌ಟಾಪ್ ಕಾರುಗಳಲ್ಲಿ ಟಾಪ್ ಇಳಿಸಿದ ಮೇಲೆ ಡಿಕ್ಕಿಯಲ್ಲಿ ಒಂದು ಚಪ್ಪಲಿ ಜೋಡಿ ಇಡಬಹುದು, ಅಷ್ಟೇ.

ಕ್ಲಚ್ ಪ್ರೇಮಿ

ಎಂಎಕ್ಸ್-5 ಒಳ್ಳೆಯ ಸಲಹೆ. ಆದರೆ ಅದನ್ನು ಆಟೊಮ್ಯಾಟಿಕ್‌ನಲ್ಲಿ ತೆಗೆದುಕೊಂಡರೆ ಅರ್ಧ ಕಾರನ್ನೇ ಬಿಟ್ಟ ಹಾಗೆ. ಆ ಪುಟ್ಟ ಗೇರ್ ಲಿವರ್ ಮಣಿಕಟ್ಟಿನ ಒಂದು ತಿರುವಿಗೆ ಟಕ್ ಅಂತ ಕೂರುತ್ತದೆ. ಆ ಸುಖಕ್ಕೇ ಆ ಕಾರನ್ನು ಕೊಳ್ಳುವುದು. ಇದು ನನ್ನ ಪ್ರಾಮಾಣಿಕ ಅನಿಸಿಕೆ, ಮೇಡಂ ಬೇಜಾರು ಮಾಡಿಕೊಳ್ಳಬೇಡಿ.

ಎರಡು ಸೀಟು

ಮಂಡಿಯ ವಿಷಯ ಮೊದಲ ಸಾಲುಗಳಲ್ಲೇ ಹೇಳಿದ್ದಾರೆ. ಗೇರಿನ ಸುಖ ನನಗೂ ಗೊತ್ತು, ಮೊದಲು ಮ್ಯಾನುವಲ್ಲೇ ಇತ್ತು. ಆದರೆ ಟಾಪ್ ತೆಗೆದು ಹೋಗುವಾಗ ಕಿವಿಗೆ ಹಕ್ಕಿಯ ಸದ್ದು ಬೀಳುತ್ತದೆ, ಹಸಿ ಹುಲ್ಲಿನ ವಾಸನೆ ಬರುತ್ತದೆ, ಮರದ ನೆರಳಿಗೆ ಹೊಕ್ಕಾಗ ತೋಳು ತಣ್ಣಗಾಗುತ್ತದೆ. ಅದಕ್ಕೂ ಕ್ಲಚ್‌ಗೂ ಏನೂ ಸಂಬಂಧವಿಲ್ಲ. ಈಗಿನ ಫೋರ್ಡ್ ಮಸ್ಟಾಂಗ್‌ನ ನಾಲ್ಕು ಸಿಲಿಂಡರ್ ಕನ್ವರ್ಟಿಬಲ್ (ಟಾಪ್ ತೆಗೆಯುವ ಮಾಡೆಲ್) ಬರುವುದೇ ಆಟೊಮ್ಯಾಟಿಕ್‌ನಲ್ಲಿ. ಓಡಿಸುವವರು ಖುಷಿಯಾಗಿಯೇ ಓಡಿಸುತ್ತಿದ್ದಾರೆ.

ಹಳೇ ಸ್ಪ್ಯಾನರ್

ಅಕ್ಕ, ನೀವು ಕೇಳಿದ "ಎಲ್ಲಾ ಒಂದೇನಾ" ಅನ್ನುವ ಪ್ರಶ್ನೆ ಇದೆಯಲ್ಲ, ಅದೇ ಸರಿಯಾದ ಪ್ರಶ್ನೆ. ಒಂದೇ ಅಲ್ಲ. ಇಪ್ಪತ್ತೈದು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದೇನೆ. ಕಾರಿನ ಹೆಸರು ನೋಡಿ ಕೊಂಡವರಿಗಿಂತ ಗೇರ್‌ಬಾಕ್ಸ್ ನೋಡಿ ಕೊಂಡವರು ಜಾಸ್ತಿ ನೆಮ್ಮದಿಯಾಗಿದ್ದಾರೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎರಡು ಪೆಡಲ್ ಇರುವ ಕಾರಿನೊಳಗೆ ನಾಲ್ಕು ಬೇರೆ ಬೇರೆ ಯಂತ್ರಗಳು ಇರಬಹುದು. ಹಳೆಯದೂ ಗಟ್ಟಿಯಾದದ್ದೂ ಟಾರ್ಕ್ ಕನ್ವರ್ಟರ್. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಎಣ್ಣೆ ಇರುತ್ತದೆ, ಶಕ್ತಿ ಆ ಎಣ್ಣೆಯ ಮೂಲಕ ದಾಟುತ್ತದೆ. ಟ್ರಾಫಿಕ್‌ನಲ್ಲಿ ಬ್ರೇಕ್ ಬಿಟ್ಟರೆ ಕಾರು ತಾನೇ ಮೆಲ್ಲಗೆ ತೆವಳುತ್ತದೆ. ಹಾಗೆ ತೆವಳುವಾಗ ಸವೆಯುವ ಕ್ಲಚ್ ಪ್ಲೇಟೇ ಅಲ್ಲಿ ಇಲ್ಲ. ನಿಮ್ಮ ದಿನದ ಓಡಾಟಕ್ಕೆ ಹೇಳಿ ಮಾಡಿಸಿದ್ದು ಇದು.

ಎರಡನೆಯದು ಎಎಂಟಿ. ಇದು ಮ್ಯಾನುವಲ್ ಗೇರ್‌ಬಾಕ್ಸೇ. ನಿಮ್ಮ ಕಾಲಿನ ಬದಲು ಒಂದು ಮೋಟಾರೋ ಹೈಡ್ರಾಲಿಕ್ ಪಂಪೋ ಕ್ಲಚ್ ಒತ್ತುತ್ತದೆ. ಬೆಲೆ ಕಡಿಮೆ, ಮೈಲೇಜ್ ಚೆನ್ನ. ಆದರೆ ಗೇರ್ ಬದಲಾಗುವಾಗ ತಲೆ ಒಂದು ಸಲ ಮುಂದೆ ಬಾಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಮೇಲೇ ಕಾರನ್ನು ನಿಲ್ಲಿಸಿಕೊಂಡರೆ ಕ್ಲಚ್ ಸುಡುತ್ತದೆ. ಪುಟ್ಟ ಕನ್ವರ್ಟಿಬಲ್‌ಗಳಲ್ಲಿ ಇದು ಬಹಳ ಇದೆ. ಸ್ಮಾರ್ಟ್ ಫಾರ್‌ಟೂ ಕ್ಯಾಬ್ರಿಯೋದ ಮೊದಲ ಎರಡು ಪೀಳಿಗೆ ಇದೇ ಜಾತಿ, ಮೂರನೆಯದರಲ್ಲಿ ಡ್ಯುಯಲ್ ಕ್ಲಚ್ ಬಂತು. ಫಿಯಟ್ 500ಸಿ ಯುರೋಪಿನಲ್ಲಿ ಡ್ಯುಯಾಲಾಜಿಕ್ ಹೆಸರಿನ ಎಎಂಟಿ ಜೊತೆ ಬಂತು, ಅಮೆರಿಕದಲ್ಲಿ ಅದೇ ಕಾರು 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಜೊತೆ ಬಂತು. ಹೆಸರು ಒಂದೇ, ಓಡಿಸಿದ ಅನುಭವ ಪೂರ್ತಿ ಬೇರೆ. ಅದಕ್ಕೇ ಮಾಡೆಲ್ ಹೆಸರು ನೋಡಿ ಸುಮ್ಮನಾಗಬೇಡಿ.

ಮೂರನೆಯದು ಸಿವಿಟಿ. ಹಲ್ಲಿನ ಗೇರ್ ಬದಲು ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ನುಣುಪಾಗಿ ಹೋಗುತ್ತದೆ. ಎಣ್ಣೆ ಬದಲಿಸದೆ ಓಡಿಸಿದ ಹಳೇ ಸಿವಿಟಿಯಿಂದ ದೂರ ಇರಿ, ಅದನ್ನು ರಿಪೇರಿ ಮಾಡುವವರು ಕಡಿಮೆ. ನಾಲ್ಕನೆಯದು ಡ್ಯುಯಲ್ ಕ್ಲಚ್. ಬೆಸ ಗೇರ್‌ಗಳಿಗೊಂದು ಕ್ಲಚ್, ಸರಿ ಗೇರ್‌ಗಳಿಗೊಂದು. ಖಾಲಿ ರಸ್ತೆಯಲ್ಲಿ ಇದರಷ್ಟು ಚೆನ್ನಾಗಿ ಯಾವುದೂ ಇಲ್ಲ. ಅದರಲ್ಲೂ ಎರಡು ಬಗೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಟ್ರಾಫಿಕ್ ತಡೆದುಕೊಳ್ಳುತ್ತದೆ. ಒಣ ಕ್ಲಚ್ ಇಂಚಿಂಚು ತೆವಳುವಾಗ ಬಿಸಿಯಾಗುತ್ತದೆ. ಫೋಕ್ಸ್‌ವ್ಯಾಗನ್ ಇಯೋಸ್‌ನಲ್ಲಿ ಇರುವ 6 ಸ್ಪೀಡ್ ಡಿಎಸ್‌ಜಿ (ಆ ಕಂಪನಿ ಡ್ಯುಯಲ್ ಕ್ಲಚ್‌ಗೆ ಇಟ್ಟ ಹೆಸರು) ಎಣ್ಣೆಯಲ್ಲಿ ಮುಳುಗಿರುವ ಬಗೆಯದು. ಪ್ರತಿ 60,000 ಕಿಲೋಮೀಟರ್‌ಗೆ ಎಣ್ಣೆ ಬದಲಿಸಲೇಬೇಕು. ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ.

ನಾಲ್ಕು ಜನ

ಗುರುಗಳೇ, ಇಷ್ಟು ಬಿಡಿಸಿ ಹೇಳಿದವರನ್ನು ನಾನು ನೋಡಿಲ್ಲ. ನನ್ನದೂ ಒಂದು ಅನುಭವ ಸೇರಿಸುತ್ತೇನೆ. ಕಾರಿನ ಹೆಸರು ಬೇಡ. ಎಎಂಟಿ ಇರುವ ಪುಟ್ಟ ಕನ್ವರ್ಟಿಬಲ್ ಒಂದನ್ನು ಬೆಲೆ ನೋಡಿ ತೆಗೆದುಕೊಂಡೆ. ಪಾರ್ಕಿಂಗ್ ರ‍್ಯಾಂಪ್ ಏರುವಾಗ ಹಿಂದೆ ಜಾರುತ್ತಿತ್ತು. ಮಗಳು ಹಿಂದಿನ ಸೀಟಿನಲ್ಲಿ ಕೂತು ಹೆದರಿ ನನ್ನ ಭುಜ ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹೋದದ್ದು ಮತ್ತೆ ಗೇರ್‌ಗೆ ಬರಲೇ ಇಲ್ಲ. ಹಿಂದೆ ಹಾರ್ನ್ ಮೇಲೆ ಹಾರ್ನ್. ಕ್ಲಚ್ ಒತ್ತುವ ಆಕ್ಚುಯೇಟರ್ ಹೋಗಿತ್ತು. ಅದನ್ನು ಬದಲಿಸಿದ ಖರ್ಚಿಗೆ ಮೊದಲೇ ಇನ್ನೊಂದು ಒಳ್ಳೆಯ ಕಾರು ನೋಡಬಹುದಿತ್ತು.

ಈಗ ಇರುವುದು ಮಿನಿ ಕನ್ವರ್ಟಿಬಲ್. 2004ರ ಮೊದಲ ಪೀಳಿಗೆಯ ಕೂಪರ್‌ನಲ್ಲಿ ಸಿವಿಟಿ ಬರುತ್ತದೆ, ಅದನ್ನು ಬಿಟ್ಟೆ. 2009ರಲ್ಲಿ ಬಂದ ಎರಡನೇ ಪೀಳಿಗೆಯಲ್ಲಿ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಇದೆ, ಅದನ್ನೇ ತೆಗೆದುಕೊಂಡೆ. ಇದರ ಬಟ್ಟೆ ಟಾಪ್ ಪೂರ್ತಿ ತೆರೆಯುವ ಮೊದಲು ಸುಮಾರು 40 ಸೆಂಟಿಮೀಟರ್ ಹಿಂದೆ ಸರಿದು ಸನ್‌ರೂಫ್ ಥರ ನಿಲ್ಲುತ್ತದೆ. ಬಿಸಿಲು ಜಾಸ್ತಿ ಇದ್ದಾಗ ನಾವು ಅಷ್ಟೇ ತೆರೆಯುವುದು. ಹಿಂದಿನ ಸೀಟು ಮಕ್ಕಳಿಗೆ ಸರಿ, ದೊಡ್ಡವರ ಮಂಡಿ ಮುಂದಿನ ಸೀಟಿಗೆ ತಾಗುತ್ತದೆ. ಹಿಂದೆ ನೋಡುವುದು ಕಷ್ಟ, ಮಡಚಿದ ಬಟ್ಟೆ ಗುಡ್ಡೆಯಾಗಿ ನಿಂತಿರುತ್ತದೆ. ರಿವರ್ಸ್ ಸೆನ್ಸರ್ ಇರುವುದನ್ನೇ ಹುಡುಕಿ.

ತೆರೆದ ಬಾನು

ಇಷ್ಟು ಬೇಗ ಇಷ್ಟೊಂದು ಉತ್ತರ! ತುಂಬಾ ಧನ್ಯವಾದ. ಕ್ಲಚ್ ಪ್ರೇಮಿ ಅವರೇ, ಬೇಜಾರೇನೂ ಇಲ್ಲ. ಮಂಡಿ ಸರಿ ಇದ್ದಿದ್ದರೆ ನಿಮ್ಮ ಮಾತೇ ಕೇಳುತ್ತಿದ್ದೆ.

ಹಳೇ ಸ್ಪ್ಯಾನರ್ ಅಣ್ಣ, ಇನ್ನೊಂದು ಪ್ರಶ್ನೆ. ಇಲ್ಲೊಬ್ಬರು ಹಳೇ ಮರ್ಸಿಡಿಸ್ ಎಸ್‌ಎಲ್‌ಕೆ ಮಾರುತ್ತಿದ್ದಾರೆ, ಮೊದಲ ಪೀಳಿಗೆಯದು. ಬೆಲೆ ನನ್ನ ಬಜೆಟ್‌ಗಿಂತಲೂ ಕಡಿಮೆ. ಟಾರ್ಕ್ ಕನ್ವರ್ಟರ್ ಅಂತ ಹೇಳಿದರು. ನೋಡಲು ಎಷ್ಟು ಚೆನ್ನಾಗಿದೆ ಅಂದರೆ, ಮನಸ್ಸು ಅಲ್ಲೇ ನಿಂತುಬಿಟ್ಟಿದೆ.

ಹಳೇ ಸ್ಪ್ಯಾನರ್

ಮನಸ್ಸು ನಿಲ್ಲುವಂಥ ಕಾರೇ ಅದು. 1996ರಲ್ಲಿ ಬಂದಾಗ ಗಟ್ಟಿ ಟಾಪ್ 25 ಸೆಕೆಂಡಿನಲ್ಲಿ ಡಿಕ್ಕಿಗೆ ಇಳಿಯುವುದನ್ನು ಜನ ನಿಂತು ನೋಡುತ್ತಿದ್ದರು. 5 ಸ್ಪೀಡ್ ಗೇರ್‌ಬಾಕ್ಸ್ ಕೂಡ ಗಟ್ಟಿ. ಆದರೆ ಒಂದು ಮಾತು ನೆನಪಿಡಿ. ಹಳೇ ಐಷಾರಾಮಿ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ.

ಆ ಟಾಪ್ ಎತ್ತುವುದು ಹೈಡ್ರಾಲಿಕ್ ಸಿಲಿಂಡರ್‌ಗಳು. ವಯಸ್ಸಾದ ಮೇಲೆ ಅದರ ಸೀಲ್‌ಗಳು ಒಣಗಿ ಎಣ್ಣೆ ಜಿನುಗುತ್ತದೆ. ಒಂದು ಕಡೆ ಮಾಡಿಸಿದರೆ ಸ್ವಲ್ಪ ದಿನಕ್ಕೆ ಇನ್ನೊಂದು ಕಡೆ ಶುರುವಾಗುತ್ತದೆ. ಎಲ್ಲಾ ಸಿಲಿಂಡರ್ ಬಿಚ್ಚಿ ಸೀಲ್ ಹಾಕಿಸಿದ ಬಿಲ್ ಇದ್ದರೆ ಧೈರ್ಯವಾಗಿ ನೋಡಿ. ಇಲ್ಲವಾದರೆ ಮುಂಭಾಗದ ತುದಿಯಲ್ಲಿ, ಟಾಪ್ ಗಾಜಿನ ಚೌಕಟ್ಟಿಗೆ ಕೂರುವ ಜಾಗದಲ್ಲಿ, ಬೆರಳಾಡಿಸಿ. ಜಿಡ್ಡು ಅಂಟಿದರೆ ಅಲ್ಲಿಗೇ ಬಿಡಿ.

ಟಾಪ್ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ಕಡಿಮೆ ಬಜೆಟ್ ಇದ್ದರೆ ಕೈಯಲ್ಲೇ ತೆಗೆಯುವ ಬಟ್ಟೆ ಟಾಪ್‌ಗಿಂತ ಒಳ್ಳೆಯದಿಲ್ಲ. ಮೋಟಾರ್ ಇಲ್ಲ, ಪಂಪ್ ಇಲ್ಲ, ಸೆನ್ಸರ್ ಇಲ್ಲ. ಬಟ್ಟೆ ಹರಿದರೆ ಬಟ್ಟೆ ಹಾಕಿಸಿದರಾಯಿತು. ಎಂಎಕ್ಸ್-5ನ ಈಗಿನ ಪೀಳಿಗೆಯಲ್ಲಿ ನಡುವೆ ಒಂದು ಲಾಚ್ ಬಿಚ್ಚಿ ಹಿಂದಕ್ಕೆ ತಳ್ಳಿದರೆ ಮುಗಿಯಿತು, ಸೀಟಿನಿಂದ ಏಳುವುದೂ ಬೇಡ.

ಎರಡು ಸೀಟು

ಅಣ್ಣ, ಅವರಿಗೆ ಭುಜದ ತೊಂದರೆ ಇಲ್ಲ ತಾನೇ? ಕೂತಲ್ಲಿಂದಲೇ ಹಿಂದಕ್ಕೆ ಕೈ ತಿರುಗಿಸಿ ಎಳೆಯಬೇಕು. ಮಂಡಿ ನೋವಿನವರಿಗೆ ಪರವಾಗಿಲ್ಲ, ಭುಜ ನೋವಿನವರಿಗೆ ಕಷ್ಟ.

ಹೇಳಲೇಬೇಕಾದದ್ದು ಇನ್ನೊಂದಿದೆ. ಎಂಎಕ್ಸ್-5 ತುಂಬಾ ತಗ್ಗು. ಇಳಿಯುವಾಗ ಮಂಡಿ ಪೂರ್ತಿ ಮಡಚಿ ಏಳಬೇಕು. ಕೊಳ್ಳುವ ಮೊದಲು ಹತ್ತು ಸಲ ಹತ್ತಿ ಇಳಿದು ನೋಡಿ. ಟಾಪ್ ಹಾಕಿದಾಗಲೂ, ತೆಗೆದಾಗಲೂ. ಮೊದಲು ಸೀಟಿಗೆ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆದುಕೊಂಡರೆ ಸುಲಭ. ಮೊದಲ ಪೀಳಿಗೆಯ ಆಟೊಮ್ಯಾಟಿಕ್ ಸಿಕ್ಕರೆ ಯೋಚಿಸಿ. 4 ಸ್ಪೀಡ್ ಅದು, ಅದರಲ್ಲೂ 1.6 ಲೀಟರ್ ಎಂಜಿನ್ ಇದ್ದರೆ ಏರಿನಲ್ಲಿ ಉಸಿರು ಕಟ್ಟುತ್ತದೆ.

ಪುಟ್ಟ ಗಾಡಿ

ಎಂಎಕ್ಸ್-5 ಬಿಟ್ಟರೆ ಬೇರೆ ಇಲ್ಲವೇ ಅನ್ನುವವರಿಗೆ ದಾಯ್‌ಹಾಟ್ಸು ಕೋಪೆನ್ ಹೇಳುತ್ತೇನೆ. ಜಪಾನಿನ ಕೇ ಕಾರು, ಅಂದರೆ 660 ಸಿಸಿ, 64 ಕುದುರೆ ಶಕ್ತಿಯ ಮಿತಿಯೊಳಗಿನದು. 2002ರಲ್ಲಿ ಬಂದ ಮೊದಲ ಪೀಳಿಗೆಯಲ್ಲಿ 4 ಸ್ಪೀಡ್ ಆಟೊಮ್ಯಾಟಿಕ್ ಇದೆ, 2014ರ ನಂತರದ್ದರಲ್ಲಿ ಸಿವಿಟಿ. ಮೊದಲನೆಯದರ ಅಲ್ಯೂಮಿನಿಯಂ ಟಾಪ್ ಗುಂಡಿ ಒತ್ತಿದರೆ ಸುಮಾರು 20 ಸೆಕೆಂಡಿನಲ್ಲಿ ಡಿಕ್ಕಿಗೆ ಇಳಿಯುತ್ತದೆ. ಅಷ್ಟು ಸಣ್ಣ ಕಾರಿನಲ್ಲಿ ಅಷ್ಟು ಚೊಕ್ಕ ಕೆಲಸ ನೋಡುವುದೇ ಒಂದು ಖುಷಿ. ಟಾಪ್ ಇಳಿಸಿದ ಮೇಲೆ ಬ್ಯಾಗ್ ಮಡಿಲಿಗೇ ಬರುತ್ತದೆ, ಅದೊಂದು ಕೊರತೆ. ಎತ್ತರದವರಿಗೆ ಆಗುವುದಿಲ್ಲ.

ಕಡಿಮೆ ದುಡ್ಡಿಗೆ ಪೂಜೋ 206 ಸಿಸಿ (ಇಲ್ಲಿ ಸಿಸಿ ಎಂಜಿನ್ ಗಾತ್ರವಲ್ಲ, ಮಾಡೆಲ್ ಹೆಸರು) ಕೂಡ ಸಿಗುತ್ತದೆ, 2000ದಲ್ಲಿ ಬಂದದ್ದು. ಅದರ 4 ಸ್ಪೀಡ್ ಗೇರ್‌ಬಾಕ್ಸ್ ಬಗ್ಗೆ ಹಳೇ ಸ್ಪ್ಯಾನರ್ ಅವರೇ ಹೇಳಬೇಕು.

ಹಳೇ ಸ್ಪ್ಯಾನರ್

ಅದರ ಎಣ್ಣೆಯ ಒತ್ತಡ ನಿಯಂತ್ರಿಸುವ ಸೊಲೆನಾಯ್ಡ್‌ಗಳು ಹಳತಾದರೆ ಗೇರ್ ಹಾಕುವಾಗ ಧಡ್ ಅಂತ ಬಡಿಯುತ್ತದೆ, ಒಂದೇ ಗೇರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಸೊಲೆನಾಯ್ಡ್ ಬದಲಿಸಿ ಎಣ್ಣೆ ಹಾಕಿದರೆ ಬಹಳ ಸಲ ಸರಿಹೋಗುತ್ತದೆ. ಆದರೆ ಅಕ್ಕನಿಗೆ ಅದು ಬೇಡ. ದಿನಾ ಆಫೀಸಿಗೆ ಹೋಗುವ ಗಾಡಿ.

ಮಳೆಗಾಲ

ಎಲ್ಲರೂ ಗೇರ್‌ಬಾಕ್ಸ್ ಹೇಳಿದ್ದೀರಿ. ನಾನು ನೀರಿನ ವಿಷಯ ಹೇಳುತ್ತೇನೆ. ಕನ್ವರ್ಟಿಬಲ್ ಹಾಳಾಗುವುದು ನೀರಿನಿಂದ.

ನನ್ನ ಮೊದಲ ಕನ್ವರ್ಟಿಬಲ್ ಒಬ್ಬರು ಶೆಡ್‌ನಲ್ಲಿ ಮೂರು ವರ್ಷ ನಿಲ್ಲಿಸಿ ಇಟ್ಟಿದ್ದದ್ದು. ಕಿಲೋಮೀಟರ್ ಬಹಳ ಕಡಿಮೆ, ಬಣ್ಣ ಹೊಸದರ ಹಾಗೆ. ಮೊದಲ ಜೋರು ಮಳೆಯ ಮರುದಿನ ಬಾಗಿಲು ತೆಗೆದೆ, ಒದ್ದೆ ಗೋಣಿಚೀಲದ ವಾಸನೆ. ಕಾರ್ಪೆಟ್ ಮೇಲೆ ಕೈ ಇಟ್ಟರೆ ಒಣಗಿದೆ. ಅಂಚು ಹಿಡಿದು ಎತ್ತಿದೆ, ಕೆಳಗಿನ ಸ್ಪಂಜು ನೀರು ಕುಡಿದು ಊದಿತ್ತು. ಅಂಗೈಯಿಂದ ಒತ್ತಿದರೆ ಬೆರಳ ಸಂದಿಯಿಂದ ಕಂದು ನೀರು ಹರಿಯಿತು. ಅದೇ ಸ್ಪಂಜಿನ ಪಕ್ಕದಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆ ಇತ್ತು, ಅದರ ಪಿನ್‌ಗಳ ಮೇಲೆ ಹಸಿರು ಕಿಲುಬು. ಸರಿಮಾಡಲು ಎರಡು ತಿಂಗಳು ಹಿಡಿಯಿತು.

ಟಾಪ್ ಹರಿದಿರಲಿಲ್ಲ. ಟಾಪ್ ಮೇಲಿನ ನೀರು ಕೆಳಗಿಳಿದು ಹೋಗಲು ಎರಡೂ ಬದಿ ಸಣ್ಣ ಕೊಳವೆ ಇರುತ್ತದೆ. ಅದರಲ್ಲಿ ಒಣಗಿದ ಎಲೆ, ಮಣ್ಣು ಸೇರಿ ಕಟ್ಟಿಕೊಂಡಿತ್ತು. ಹೋಗಲು ದಾರಿ ಇಲ್ಲದ ನೀರು ಒಳಗೆ ಬಂತು. ಎಂಎಕ್ಸ್-5ನಲ್ಲಿ ಈ ರಂಧ್ರ ಸೀಟಿನ ಹಿಂದೆ, ಬೆಲ್ಟ್ ಬರುವ ಗೂಡಿನ ಹತ್ತಿರ ಇರುತ್ತದೆ. ಅಲ್ಲಿ ಕಟ್ಟಿದರೆ ನೀರು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗಕ್ಕೆ ಇಳಿದು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ಗುಳ್ಳೆ ಕಾಣುವಾಗ ತಡವಾಗಿರುತ್ತದೆ.

ಅದಕ್ಕೇ ಕಾರು ನೋಡಲು ಹೋಗುವಾಗ ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ. ಮಾಲೀಕರನ್ನು ಕೇಳಿ, ಟಾಪ್ ಹಾಕಿ, ಹಿಂಗಾಜಿನ ಕೆಳಗಿನ ಅಂಚಿನ ಒಂದು ಬದಿಗೆ ನಿಧಾನವಾಗಿ ಸುರಿಯಿರಿ. ಆಮೇಲೆ ಬಗ್ಗಿ ನೋಡಿ. ಹಿಂಚಕ್ರದ ಮುಂದೆ ನೆಲಕ್ಕೆ ನೀರು ಬಿದ್ದರೆ ದಾರಿ ಸ್ವಚ್ಛ. ಬೀಳದಿದ್ದರೆ ಆ ನೀರು ಕಾರಿನೊಳಗೇ ಎಲ್ಲೋ ಇದೆ.

ಹಳೇ ಸ್ಪ್ಯಾನರ್

ಇದು ಚಿನ್ನದಂಥ ಮಾತು. ನಾನು ಇನ್ನೊಂದೆರಡು ಸೇರಿಸುತ್ತೇನೆ. ಎಂಜಿನ್ ತಣ್ಣಗಿರುವಾಗ ಹೋಗಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಬ್ರೇಕ್ ಒತ್ತಿ ಡಿ (ಮುಂದಕ್ಕೆ ಹೋಗುವ ಗೇರ್) ಹಾಕಿ, ಆಮೇಲೆ ರಿವರ್ಸ್ ಹಾಕಿ. ಒಂದು ಸೆಕೆಂಡಿನೊಳಗೆ ಮೆತ್ತಗೆ ಹಿಡಿಯಬೇಕು. ತಡವಾಗಿ ಧಡ್ ಅಂದರೆ ಸರಿ ಇಲ್ಲ. ಎಣ್ಣೆ ನೋಡುವ ಕಡ್ಡಿ ಇದ್ದರೆ ಎಳೆದು ಮೂಸಿ, ಸುಟ್ಟ ವಾಸನೆ ಬರಬಾರದು.

ಆಮೇಲೆ ಬಾಡಿ. ಟಾಪ್ ಕತ್ತರಿಸಿದ ಕಾರು ಮುಚ್ಚಳ ಇಲ್ಲದ ರಟ್ಟಿನ ಪೆಟ್ಟಿಗೆಯ ಹಾಗೆ, ಎರಡು ಮೂಲೆ ಹಿಡಿದರೆ ತಿರುಚಿಕೊಳ್ಳುತ್ತದೆ. ಅದಕ್ಕೇ ಕಂಪನಿಯವರು ಬಾಗಿಲ ಕೆಳಗೆ, ನೆಲಕ್ಕೆ, ಮುಂಗಾಜಿನ ಚೌಕಟ್ಟಿಗೆ ಹೆಚ್ಚು ಉಕ್ಕು ಹಾಕುತ್ತಾರೆ. ಟಾಪ್ ತೆಗೆದು ಹಂಪ್ ಮೇಲೆ ಓಡಿಸಿ, ಒಳಗಿನ ಕನ್ನಡಿ ನೋಡಿ. ಸ್ವಲ್ಪ ನಡುಗುವುದು ಸಹಜ. ಆಮೇಲೆ ಒಂದು ಚಕ್ರವನ್ನು ಎತ್ತರದ ಅಂಚಿಗೆ ಹತ್ತಿಸಿ ನಿಲ್ಲಿಸಿ ಬಾಗಿಲು ತೆಗೆದು ಹಾಕಿ. ಬಾಗಿಲು ಉಜ್ಜಿದರೆ, ಸಿಕ್ಕಿಕೊಂಡರೆ, ಕೆಳಗೆ ತುಕ್ಕು ಇದೆ ಅಥವಾ ದೊಡ್ಡ ಆಕ್ಸಿಡೆಂಟ್ ಆಗಿದೆ. ಮಾಮೂಲಿ ಕಾರಿನಲ್ಲಿ ಆಕ್ಸಿಡೆಂಟ್ ಗಾಡಿಯನ್ನೂ ಕೆಲವೊಮ್ಮೆ ಒಪ್ಪಬಹುದು. ಕನ್ವರ್ಟಿಬಲ್‌ನಲ್ಲಿ ಬೇಡವೇ ಬೇಡ. ಉರುಳಿದರೆ ನಿಮ್ಮನ್ನು ಕಾಯುವುದು ಆ ಗಾಜಿನ ಚೌಕಟ್ಟು ಮತ್ತು ಸೀಟಿನ ಹಿಂದಿನ ಕಂಬಿ.

ಕಿಲೋಮೀಟರ್ ಕಡಿಮೆ ಎಂದು ಮರುಳಾಗಬೇಡಿ. ನಿಂತ ಗಾಡಿಯ ರಬ್ಬರ್ ಬೀಡಿಂಗ್ ಒಣಗುತ್ತದೆ, ಟಾಪಿನ ಕೀಲು ಬಿಗಿಯಾಗುತ್ತದೆ. ತಿಂಗಳಿಗೆ ನಾಲ್ಕು ಸಲ ಟಾಪ್ ತೆಗೆದು ಹಾಕಿದ, ವರ್ಷಾ ವರ್ಷಾ ಸರ್ವಿಸ್ ಆದ, ಜಾಸ್ತಿ ಓಡಿದ ಗಾಡಿಯೇ ನಿಮಗೆ ಬೇಕಾದದ್ದು. ಬಜೆಟ್ಟಿನ ಐದರಲ್ಲಿ ಒಂದು ಪಾಲು ಎತ್ತಿಟ್ಟು, ಉಳಿದದ್ದರಲ್ಲಿ ಕೊಳ್ಳಿ.

ಕ್ಲಚ್ ಪ್ರೇಮಿ

ಇದೆಲ್ಲ ಓದಿ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಪ್ಪನಿಗೂ ಮಂಡಿ ನೋವು, ಅವರೂ ಕಾರು ಓಡಿಸುವುದನ್ನು ಬಿಟ್ಟು ಎರಡು ವರ್ಷ ಆಯಿತು. ಅವರಿಗೆ ಎರಡು ಪೆಡಲ್‌ನ ಗಾಡಿ ನೋಡಬೇಕು ಎಂದು ಈಗ ಹೊಳೆಯಿತು.

ತೆರೆದ ಬಾನು

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಐದು ಕಾರು ನೋಡಿದೆ.

ಎಸ್‌ಎಲ್‌ಕೆ ಹತ್ತಿರ ಮೊದಲು ಹೋದೆ. ಬೆರಳಾಡಿಸಿದೆ, ಜಿಡ್ಡು ಅಂಟಿತು. ಕೈ ಒರೆಸಿಕೊಂಡು ವಾಪಸ್ ಬಂದೆ, ದಾರಿಯುದ್ದಕ್ಕೂ ಬೇಸರ. ಇನ್ನೊಂದು ಕಾರಿನವರು ನೀರು ಸುರಿಯಲು ಬಿಡಲಿಲ್ಲ. ಮೂರನೆಯದರಲ್ಲಿ ಸುರಿದೆ, ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. ನಾಲ್ಕನೆಯದು ಎಎಂಟಿ, ರ‍್ಯಾಂಪ್ ಮೇಲೆ ಜಾರಿತು.

ಐದನೆಯದು ಮೂರನೇ ಪೀಳಿಗೆಯ ಎಂಎಕ್ಸ್-5, ಆಟೊಮ್ಯಾಟಿಕ್, ಮಡಚುವ ಹಾರ್ಡ್‌ಟಾಪ್. ನಾನು ನೋಡಿದ್ದರಲ್ಲೆಲ್ಲ ಜಾಸ್ತಿ ಓಡಿದ್ದು ಅದೇ. ಮಾಲೀಕರು ವಯಸ್ಸಾದವರು, ಒಂದು ಫೈಲಿನಲ್ಲಿ ಎಲ್ಲಾ ಬಿಲ್ಲೂ ಜೋಡಿಸಿಟ್ಟಿದ್ದರು. ನಾನು ಬಾಟಲಿ ತೆಗೆದಾಗ ಅವರೇ ಬಗ್ಗಿ ಕೆಳಗೆ ನೋಡಿ, "ಬಿತ್ತು ನೋಡಮ್ಮಾ" ಎಂದರು. ಹತ್ತು ಸಲ ಹತ್ತಿ ಇಳಿದೆ. ಏಳನೇ ಸಲಕ್ಕೆ ಮಂಡಿ ಸ್ವಲ್ಪ ಹಿಡಿಯಿತು. ಸೀಟಿನ ಮೇಲೆ ಒಂದು ತೆಳು ದಿಂಬು ಹಾಕಿದೆ, ಸರಿಹೋಯಿತು.

ಮೊನ್ನೆ ಬೆಳಿಗ್ಗೆ ಐದೂವರೆಗೆ ಮೊದಲ ಸಲ ಟಾಪ್ ತೆಗೆದು ಹೊರಟೆ. ಕಿಟಕಿ ಏರಿಸಿ, ಕಾಲಿಗೆ ಹೀಟರ್ ಹಾಕಿಕೊಂಡೆ, ಎರಡು ಸೀಟು ಅವರು ಮೆಸೇಜಿನಲ್ಲಿ ಹೇಳಿದ ಹಾಗೆ. ಒಂದು ಕಡೆ ರಸ್ತೆಯ ಎರಡೂ ಬದಿಯ ಮರ ಮೇಲೆ ಸೇರಿಕೊಂಡಿವೆ. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದೇನೆ, ಆ ಕೊಂಬೆಗಳನ್ನು ನೋಡಿಯೇ ಇರಲಿಲ್ಲ. ಎಡಗಾಲು ಒಂದು ಗಂಟೆ ಸುಮ್ನೆ ಚಾಚಿಕೊಂಡೇ ಇತ್ತು. ರಾತ್ರಿ ಮಂಡಿ ಊದಲಿಲ್ಲ.

ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಎಡ ಬದಿಯ ಕೊಳವೆಯಿಂದ ನೀರು ಬಲ ಬದಿಗಿಂತ ನಿಧಾನವಾಗಿ ಬರುತ್ತಿದೆ. ತಂತಿ ಹಾಕಿ ಚುಚ್ಚಲೇ?

ಹಳೇ ಸ್ಪ್ಯಾನರ್

ತಂತಿ ಬೇಡಮ್ಮಾ, ಒಳಗಿನ ರಬ್ಬರ್ ತೂತಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ಪ್ಲಾಸ್ಟಿಕ್ ದಾರ ಸಿಗುತ್ತದಲ್ಲ, ಅದನ್ನು ಒಂದು ಮೊಳ ತೆಗೆದುಕೊಳ್ಳಿ. ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ಮೆಲ್ಲಗೆ ತಿರುಗಿಸುತ್ತಾ ಇಳಿಸಿ. ಆಮೇಲೆ ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ ಹಾಕಿ. ಮೊದಲು ಮಣ್ಣು ನೀರು ಬರುತ್ತದೆ, ತಿಳಿಯಾಗುವ ತನಕ ಹಾಕುತ್ತಿರಿ.